ಹಳೆ ಜಿಪ್ಸಿ ಎತ್ತರಿಸುವ ಮುನ್ನ ಟೇಪ್ ಹಿಡಿಯಿರಿ

ಸುಗ್ಗಿ ಮುಗಿದ ಮೇಲೆ ಗಂಗಾವತಿ ಸುತ್ತಿನ ಹೊಲದ ದಾರಿ ನೋಡಿದ್ದೀರಾ? ಭತ್ತ ಹೇರಿದ ಟ್ರ್ಯಾಕ್ಟರ್‌ಗಳು ಎರೆ ಮಣ್ಣಲ್ಲಿ ಕೊರೆದ ಗಾಲಿ ಜಾಡು ಒಣಗಿ ಕಲ್ಲಾಗಿರುತ್ತದೆ. ಗಾಲಿ ಆ ಜಾಡಿಗೆ ಇಳಿದರೆ ನಡುವಿನ ದಿಬ್ಬ ಆಕ್ಸಲ್ ಮೇಲಿನ ಗೇರ್ ಗೂಡು, ಅಂದರೆ ಡಿಫರೆನ್ಷಿಯಲ್‌ಗೆ ಬಡಿಯುತ್ತದೆ. ಹಳೆ ಮಾರುತಿ ಜಿಪ್ಸಿ ಜೀಪು ಇರುವವರಿಗೆ ‘ಲಿಫ್ಟ್ ಮಾಡಿಸೋಣ’, ಅಂದರೆ ಗಾಡಿ ಎತ್ತರಿಸೋಣ ಅನ್ನಿಸುವುದು ಆಗಲೇ.

ತಮಾಷೆ ಏನೆಂದರೆ, ಲಿಫ್ಟ್ ಮಾಡಿಸಿದರೆ ಡಿಫರೆನ್ಷಿಯಲ್ ಒಂದು ಕೂದಲೆಳೆಯೂ ಮೇಲೇರುವುದಿಲ್ಲ. ಅದು ಆಕ್ಸಲ್ ಜತೆಗಿದೆ, ಆಕ್ಸಲ್ ಕೂತಿರುವುದು ಗಾಲಿಯ ಮೇಲೆ. ಲಿಫ್ಟ್‌ನಿಂದ ಮೇಲೇಳುವುದು ಚಾಸಿ ಮತ್ತು ಬಾಡಿ. ದೊಡ್ಡ ಟೈರಿಗೆ ಜಾಗವಾಗುತ್ತದೆ, ಅಷ್ಟೇ. 205/70 ಆರ್15 ಅಳತೆಯ ಟೈರ್ ತೆಗೆದು 215/75 ಆರ್15 ಹಾಕಿದರೆ ಟೈರಿನ ಎತ್ತರ ಸುಮಾರು 35 ಮಿ.ಮೀ. ಜಾಸ್ತಿ. ಡಿಫರೆನ್ಷಿಯಲ್ ಕೆಳಗೆ ಸಿಗುವುದು ಅದರ ಅರ್ಧ. ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ ನಿಜಕ್ಕೂ 63ರಲ್ಲಿ ಓಡುತ್ತಿರುತ್ತದೆ. ಹಾಗಾಗಿ ಮೊದಲು ಟೈರ್ ಗೊತ್ತು ಮಾಡಿ, ಅದಕ್ಕೆ ಬೇಕಾದಷ್ಟೇ ಎತ್ತರಿಸಿ. ನನ್ನ ಲೆಕ್ಕದಲ್ಲಿ 2 ಇಂಚು ಸಾಕು. ಅದಕ್ಕಿಂತ ಮೇಲೆ ಹೋದರೆ ಗಾಡಿಯ ಭಾರವೂ ಮೇಲೇರುತ್ತದೆ, ಆನೆಗೊಂದಿ ಬಂಡೆಗಳ ಓರೆಯಲ್ಲಿ ಎದೆ ಢವಢವ ಅನ್ನುತ್ತದೆ.

ಈಗ ಟೇಪ್. ಸಮ ನೆಲದಲ್ಲಿ ಗಾಡಿ ನಿಲ್ಲಿಸಿ, ನಾಲ್ಕೂ ಗಾಲಿಯ ನಡುಮಧ್ಯದಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆದು ಬರೆದಿಡಿ. ಒಂದು ಕಡೆ ತಗ್ಗಿದ್ದರೆ ಪಾಟಾ (ಉಕ್ಕಿನ ಪಟ್ಟಿಗಳನ್ನು ಜೋಡಿಸಿದ ಸ್ಪ್ರಿಂಗ್) ಸೋತಿದೆ ಎಂದರ್ಥ. ಜಿಪ್ಸಿಗೆ ಹಿಂದೆ ಮುಂದೆ ಎರಡೂ ಕಡೆ ಪಾಟಾನೇ. ಎಷ್ಟೋ ಸಲ ಕಂಪನಿ ಅಳತೆಯ ಹೊಸ ಸೆಟ್ ಹಾಕಿದರೇ ಅರ್ಧ ಆಸೆ ತೀರುತ್ತದೆ.

ಇನ್ನೂ ಎತ್ತರ ಬೇಕಾ? ಕಮಾನು ಜಾಸ್ತಿ ಇರುವ ಪಾಟಾ ಹಾಕಿಸಿ. ಬರೀ ಒಂದೆರಡು ಎಲೆ (ಪಟ್ಟಿ) ಸೇರಿಸಿದರೆ ಗಾಡಿ ಎತ್ತಿನ ಬಂಡಿ ಆಗುತ್ತದೆ. ಅಗ್ಗದ ದಾರಿ ಉದ್ದನೆ ಶ್ಯಾಕಲ್, ಅಂದರೆ ಪಾಟಾದ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ. ಪಾಟಾದ ಒಂದೇ ತುದಿ ಕೆಳಗಿಳಿಯುವುದರಿಂದ 4 ಇಂಚು ಉದ್ದ ಮಾಡಿದರೆ ಸಿಗುವುದು ಸುಮಾರು 2 ಇಂಚು. ನಾನೂ ಆಸೆಪಟ್ಟು ಅದನ್ನೇ ಹಾಕಿಸಿದ್ದೆ. ಕೊಪ್ಪಳ–ಹೊಸಪೇಟೆ ಹೆದ್ದಾರಿಯಲ್ಲಿ ಸ್ಟೇರಿಂಗ್ ತೇಲತೊಡಗಿತು. ಮುಂದಿನ ಆಕ್ಸಲ್ ತಿರುಚಿ, ಸ್ಟೇರಿಂಗ್ ನೇರ ಹಿಡಿದಿಡುವ ಓರೆ, ಅಂದರೆ ಕ್ಯಾಸ್ಟರ್ ಕೋನ ಕಡಿಮೆಯಾಗಿತ್ತು. ಆಮೇಲೆ ಪಾಟಾ ಮತ್ತು ಆಕ್ಸಲ್ ನಡುವೆ ಓರೆ ಪ್ಲೇಟು ಕೂರಿಸಿ ಸರಿ ಮಾಡಿಸಬೇಕಾಯಿತು.

ಪಾಟಾ ಬದಲಾದರೆ ಶಾಕ್ ಅಬ್ಸಾರ್ಬರ್ ಉದ್ದ, ಆಕ್ಸಲ್ ಚಾಸಿಗೆ ಬಡಿಯದಂತೆ ತಡೆಯುವ ಬಂಪ್ ಸ್ಟಾಪ್, ಎಂಜಿನ್ ಬಲವನ್ನು ಆಕ್ಸಲ್‌ಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಎಲ್ಲ ನೋಡಿಸಿ. ಪಾಟಾವನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್ ಹೊಸದೇ ಇರಲಿ. ಆದರೆ ಬ್ರೇಕ್ ಹೋಸ್ (ಬ್ರೇಕ್ ಎಣ್ಣೆಯ ರಬ್ಬರ್ ಕೊಳವೆ) ಮಾತ್ರ ನೀವೇ ಬಗ್ಗಿ ನೋಡಿ. ಚಾಸಿಯನ್ನು ಜಾಕ್‌ನಲ್ಲಿ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಆಕ್ಸಲ್ ಪೂರ್ತಿ ಜೋತು ಬೀಳಲಿ. ಸ್ಟೇರಿಂಗ್ ಎರಡೂ ಕಡೆ ತುದಿಗೆ ತಿರುಗಿಸಿ. ಹೋಸ್ ಬಿಗಿಯಾದರೆ ಉದ್ದದ್ದು ಹಾಕಿಸದೆ ಗ್ಯಾರೇಜ್ ಬಿಡಬೇಡಿ.

ದುಡ್ಡು ಕೊಡುವ ಮೊದಲು ಆರ್‌ಟಿಒ ಕಚೇರಿಗೂ ಇನ್ಶೂರೆನ್ಸ್‌ನವರಿಗೂ ಒಂದು ಮಾತು ಕೇಳಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯ ವಿವರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. ‘ಯಾರು ನೋಡ್ತಾರೆ’ ಅನ್ನುವ ಮಿಸ್ತ್ರಿ ಅಪಘಾತವಾದ ದಿನ ನಿಮ್ಮ ಜತೆ ಬರುವುದಿಲ್ಲ, ಅಲ್ವಾ?

ಕೆಲಸ ಮುಗಿದ ಮೇಲೆ ಅದೇ ನಾಲ್ಕು ಅಳತೆ ಮತ್ತೆ ತೆಗೆಯಿರಿ. ಒಂದಷ್ಟು ದಿನ ಓಡಿಸಿ ಯು-ಬೋಲ್ಟ್ ಮತ್ತೆ ಬಿಗಿ ಮಾಡಿಸಿ. ರಾತ್ರಿ ಗೋಡೆ ಮುಂದೆ ನಿಲ್ಲಿಸಿ ಹೆಡ್‌ಲೈಟ್ ಇಳಿಸಿಕೊಳ್ಳಿ. ಇಲ್ಲದಿದ್ದರೆ ಕಂಪ್ಲಿ ರಸ್ತೆಯಲ್ಲಿ ಎದುರು ಬರುವ ಬಸ್ಸಿನವರು ಬೈದುಕೊಂಡೇ ಹೋಗುತ್ತಾರೆ.