ಗೋಸುಂಬೆ ಗೂಡಿಗೆ ಗಿಡ ಇಡುವ ಮುಂಚೆ

ಗೋಸುಂಬೆಗೆ ಗಾಜಿನ ತೊಟ್ಟಿಗಿಂತ ಜಾಲರಿ ಗೂಡು ವಾಸಿ, ಗಾಳಿಯಾಡುತ್ತದೆ. ದೊಡ್ಡ ಜಾತಿಯದಾದರೆ 2 ಅಡಿ ಅಗಲ, 4 ಅಡಿ ಎತ್ತರ ಇರಲಿ.

ಮನಿ ಪ್ಲಾಂಟ್, ದಾಸವಾಳ ಎರಡೂ ಆಗುತ್ತವೆ. ಆದರೆ ತಂದ ಗಿಡವನ್ನು ಸೀದಾ ಒಳಗಿಡಬೇಡಿ. ಕೀಟನಾಶಕ ಹೊಡೆದಿರಬಹುದು, ಕೆಲವು ಗೋಸುಂಬೆಗಳು ಎಲೆಯನ್ನೂ ಕಚ್ಚುತ್ತವೆ ಅಲ್ವಾ? ಎಲೆಯ ಎರಡೂ ಬದಿ ತೊಳೆದು, ಹೊಸ ಮಣ್ಣಿಗೆ ಹಾಕಿ, ಕೆಲವು ವಾರ ಹೊರಗೇ ಬಿಡಿ. ಕುಂಡದ ಮಣ್ಣಿನ ಮೇಲೆ ಅದರ ಬಾಯಿಗೆ ಹಿಡಿಸದಷ್ಟು ದೊಡ್ಡ ಕಲ್ಲು ಹರಡಿ. ಹುಳಕ್ಕೆ ನಾಲಿಗೆ ಚಾಚಿದಾಗ ಮಣ್ಣೂ ಅಂಟಿಕೊಂಡು ಬರುತ್ತದೆ.

ಬಟ್ಟಲಲ್ಲಿ ನೀರಿಡುವುದು ಸುಮ್ನೆ ದಂಡ. ಎಲೆ ತುದಿಯಲ್ಲಿ ತೂಗುವ ಹನಿಯನ್ನೇ ಅದು ನೆಕ್ಕುವುದು ಜಾಸ್ತಿ. ಬೆಳಗ್ಗೆ, ಸಂಜೆ ಸ್ಪ್ರೇ ಮಾಡಿ. ಮಧ್ಯೆ ಎಲೆ ಒಣಗಲೇಬೇಕು. ಯುವಿಬಿ ಲೈಟು (ಬಿಸಿಲಿನಲ್ಲಿರುವಂಥ ಅತಿನೇರಳೆ ಕಿರಣ ಕೊಡುವ ದೀಪ) ಮಾತ್ರ ಜಾಲರಿಯ ಹೊರಗೇ ಇರಲಿ.