ಸಂಶೋಧನ ಪ್ರಬಂಧದಲ್ಲಿ ವಾದ ಕಟ್ಟುವ ಬಗೆ

ಮುಂಬಯಿಯಲ್ಲಿ ಹಗಲು ನೌಕರಿ ಮಾಡಿ, ಲೋಕಲ್ ರೈಲಿನಲ್ಲೇ ಟಿಪ್ಪಣಿ ಬರೆದುಕೊಂಡು ಕನ್ನಡ ಎಂ.ಎ. ಓದುವವರಿದ್ದಾರೆ. ಮೊದಲ ಸಂಶೋಧನ ಪ್ರಬಂಧಕ್ಕೆ ಕೈಹಾಕಿದವರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ, ವಿಷಯ ಸಿಕ್ಕಿತು, ಇನ್ನು ಬರೆಯುವುದಷ್ಟೇ ಬಾಕಿ ಎಂದು ತಿಳಿಯುವುದು. ‘ಮುಂಬಯಿಯ ಕನ್ನಡ ರಾತ್ರಿಶಾಲೆಗಳು’ ಎಂಬುದು ಬರಿಯ ವಿಷಯ. ಅದನ್ನು ಯಾರೂ ಒಪ್ಪಬೇಕಾಗಿಲ್ಲ, ಅಲ್ಲಗಳೆಯಬೇಕಾಗಿಯೂ ಇಲ್ಲ. ‘ಅಲ್ಲಿಗೆ ಬರುತ್ತಿದ್ದವರು ಯಾರು, ಓದು ಅವರ ಕಸುಬನ್ನು ಬದಲಿಸಿತೇ?’ ಎಂದು ಕೇಳಿದಾಗ ಅದು ಪ್ರಶ್ನೆಯಾಗುತ್ತದೆ. ‘ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರನ್ನು ರಾತ್ರಿಶಾಲೆ ಗುಮಾಸ್ತಿಕೆಯ ಕಡೆಗೆ ಒಯ್ದಿತು’ ಎಂಬ ತಾತ್ಕಾಲಿಕ ಉತ್ತರವನ್ನು ಬರೆದಿಟ್ಟುಕೊಂಡಾಗ, ಅದು ತಪ್ಪೆಂದು ತೋರಿಸಲು ಇನ್ನೊಬ್ಬರಿಗೆ ಎಡೆ ದೊರೆಯುತ್ತದೆ; ವಾದ ಹುಟ್ಟುವುದು ಅಲ್ಲಿ.

ಇನ್ನು ಆಧಾರ. 1926ರಷ್ಟು ಹಿಂದೆ ಮೈಸೂರು ಅಸೋಸಿಯೇಷನ್ ಹುಟ್ಟಿದ ಈ ನಗರದಲ್ಲಿ ಸಂಘಸಂಸ್ಥೆಗಳ ಸ್ಮರಣ ಸಂಚಿಕೆಗಳಿಗೆ ಬರವಿಲ್ಲ. ಆದರೆ ಬೆಳ್ಳಿಹಬ್ಬಕ್ಕೆ ಬರೆದ ಲೇಖನ ಹೊಗಳಲೆಂದೇ ಬರೆದದ್ದು. ಮೂರು ಸಂಚಿಕೆಗಳಲ್ಲಿ ಒಂದೇ ವಾಕ್ಯ ಮರುಮುದ್ರಣಗೊಂಡಿದ್ದರೆ ಅದು ಮೂರು ಆಧಾರವಲ್ಲ, ಒಂದೇ. ಅದಕ್ಕಿಂತ ಶಾಲೆಯ ದಾಖಲಾತಿ ಪುಸ್ತಕ ಹೆಚ್ಚು ನಂಬಿಕೆಗೆ ಅರ್ಹ, ಏಕೆಂದರೆ ಅದನ್ನು ಬರೆದವರಿಗೆ ಯಾರನ್ನೂ ಮೆಚ್ಚಿಸಬೇಕಾಗಿರಲಿಲ್ಲ.

ಆಧಾರ ಕೈಸೇರಿದ ಮಾತ್ರಕ್ಕೆ ವಾದ ನಿಲ್ಲುವುದಿಲ್ಲ. ಆಧಾರದಿಂದ ನಿರ್ಣಯಕ್ಕೆ ದಾಟಿಸುವ ತರ್ಕವನ್ನು ಬೇರೆಯಾಗಿಯೇ ಪರೀಕ್ಷಿಸಬೇಕೆಂದು ತತ್ತ್ವಜ್ಞಾನಿ ಸ್ಟೀಫನ್ ಟೌಲ್ಮಿನ್ 1958ರಲ್ಲಿ ವಿವರಿಸಿದರು. ಹೊಸಬರ ಪ್ರಬಂಧಗಳು ಹೆಚ್ಚಾಗಿ ಕುಸಿಯುವುದು ಈ ದಾಟಿನಲ್ಲೇ ಎಂಬುದು ನನ್ನ ಅನಿಸಿಕೆ. ದಾಖಲಾತಿ ಪುಸ್ತಕ ಹೇಳುವುದು ಯಾರು ಸೇರಿದರು ಎಂಬುದನ್ನು. ಅವರು ಮುಂದೆ ಏನಾದರು ಎಂಬುದನ್ನಲ್ಲ. ಅದಕ್ಕಾಗಿ ಹಳೆಯ ವಿದ್ಯಾರ್ಥಿಗಳನ್ನು ಮಾತನಾಡಿಸಿದರೆ, ಸಂದರ್ಶನಕ್ಕೆ ಮುಂದೆ ಬರುವವರು ಬಹುಮಟ್ಟಿಗೆ ಬಾಳಿನಲ್ಲಿ ಮೇಲೆ ಬಂದವರೇ. ಅರ್ಧದಲ್ಲಿ ಶಾಲೆ ಬಿಟ್ಟು ಊರಿಗೆ ಮರಳಿದವನ ದನಿ ನಿಮ್ಮ ರೆಕಾರ್ಡಿನಲ್ಲಿ ಇರುವುದೇ ಇಲ್ಲ. ಆಗ ನಿರ್ಣಯವನ್ನು ಕಿರಿದುಗೊಳಿಸಿ, ‘ನಾನು ಭೇಟಿಯಾದವರ ಮಟ್ಟಿಗೆ’ ಎಂದು ಬರೆಯುವುದರಲ್ಲಿ ಸಂಕೋಚ ಬೇಡ.

ನಮ್ಮ ಶಾಸ್ತ್ರಕಾರರು ಪೂರ್ವಪಕ್ಷವನ್ನು, ಎಂದರೆ ಎದುರಾಳಿಯ ವಾದವನ್ನು, ಮಂಡಿಸದೆ ಸಿದ್ಧಾಂತಕ್ಕೆ ಬರುತ್ತಿರಲಿಲ್ಲ. ಶಾಲೆಯ ಮೆಟ್ಟಿಲು ಹತ್ತದೆಯೂ ಮಾಣಿಯಾಗಿದ್ದವನು ಹೋಟೆಲಿನ ಯಜಮಾನನಾದ ಉದಾಹರಣೆಗಳನ್ನು ಎದುರಾಳಿ ಮುಂದಿಟ್ಟರೆ ನಿಮ್ಮ ಉತ್ತರವೇನು? ಆ ಆಕ್ಷೇಪವನ್ನು ಅವನಿಗಿಂತ ಬಲವಾಗಿ ನೀವೇ ಬರೆದು, ಆಮೇಲೆ ಉತ್ತರಿಸಿರಿ.

ಅಡಿಟಿಪ್ಪಣಿಯ ಶೈಲಿಯನ್ನು ಮಾರ್ಗದರ್ಶಕರು ಹೇಳಿದಂತೆ ಇಟ್ಟುಕೊಂಡರೆ ಸಾಕು. ಕೃತಿಚೌರ್ಯದ ಮಾತು ಬೇರೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಗಳಂತೆ ಇತರರ ಬರಹದೊಂದಿಗೆ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಶೇ. 60 ಮೀರಿದರೆ ನೋಂದಣಿಯೇ ರದ್ದು. ಮರಾಠಿ ಲೇಖನದ ಒಂದು ಪುಟವನ್ನು ಕನ್ನಡಕ್ಕೆ ತಂದು ತನ್ನದೆಂದು ಬರೆದರೆ ಹೋಲಿಕೆ ಹುಡುಕುವ ತಂತ್ರಾಂಶದ ಕಣ್ಣಿಗೆ ಬೀಳದಿರಬಹುದು, ಆದರೆ ಅದೂ ಕಳವೇ. ಎರಡು ಮೂರು ಭಾಷೆಗಳ ನಡುವೆ ಬಾಳುವ ನಮಗೆ ಈ ಆಮಿಷ ತುಸು ಹೆಚ್ಚು.

ಪೀಠಿಕೆಯನ್ನು ಎಲ್ಲಕ್ಕಿಂತ ಕೊನೆಗೆ ಬರೆಯಿರಿ. ಮೊದಲೇ ಬರೆದಿದ್ದರೆ, ಅದರಲ್ಲಿ ಸಾಧಿಸುವೆನೆಂದು ಹೇಳಿದ್ದಕ್ಕೂ ಅಧ್ಯಾಯಗಳಲ್ಲಿ ನಿಜವಾಗಿ ಸಾಧಿಸಿದ್ದಕ್ಕೂ ಅಷ್ಟು ಹೊತ್ತಿಗೆ ಹೊಂದಿಕೆ ತಪ್ಪಿರುತ್ತದೆ. ಪರೀಕ್ಷಕರು ಮೊದಲು ಓದುವುದು ಆ ಪುಟಗಳನ್ನೇ.