ಬಸುರಿಯ ಮನೆಯಲ್ಲಿ ಬೆಕ್ಕು ಇರಲಿ, ಹೀಗೆ ನೋಡಿಕೊಳ್ಳಿ

"ಮಗು ಬರುತ್ತೆ, ಬೆಕ್ಕನ್ನ ಎಲ್ಲಾದ್ರೂ ಬಿಟ್ಟು ಬಾ" ಅಂತ ನಮ್ಮತ್ತೆ ಹೇಳಿದ್ದರು. ನಾನು ಒಪ್ಪಲಿಲ್ಲ, ನೀವೂ ಒಪ್ಪಬೇಡಿ.

ಭಯವಿರುವುದು ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಮಾಡಬಲ್ಲ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಯದ್ದು. ಬೆಕ್ಕಿನಿಂದ ಅದು ಬರುವುದು ಮಲದ ಮೂಲಕ, ಅದೂ ಮಲ ಹೊರಬಿದ್ದು 1ರಿಂದ 5 ದಿನವಾದ ಮೇಲೆ. ಹಾಗಾಗಿ ಬೆಕ್ಕು ಮಲ ಮಾಡುವ ಲಿಟರ್ ಟ್ರೇಯನ್ನು ದಿನಾ ಚೊಕ್ಕ ಮಾಡಲೇಬೇಕು. ಆ ಕೆಲಸ ಬಸುರಿಯದ್ದಲ್ಲ. ನಮ್ಮಲ್ಲಿ ಬೆಳಗ್ಗೆ ಹಾಲು ತರುವ ಮುಂಚೆಯೇ ಯಜಮಾನರು ಟ್ರೇ ಖಾಲಿ ಮಾಡಿ, ಕುದಿಯುವ ನೀರು ಹುಯ್ದು ತೊಳೆಯುತ್ತಿದ್ದರು. ಬೇರೆ ಯಾರೂ ಇಲ್ಲದಿದ್ದರೆ ಗ್ಲೌಸ್ ಹಾಕಿಕೊಳ್ಳಿ, ಆಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಬೆಕ್ಕಿಗೆ ಹಸಿ ಮಾಂಸ ಬೇಡ. ನೀವೂ ಅಷ್ಟೇ, ಅರೆಬೆಂದ ಮಾಂಸ, ತೊಳೆಯದ ಸೊಪ್ಪು ಮುಟ್ಟಬೇಡಿ. ಸೋಂಕು ಅದರಿಂದಲೂ ಬರುತ್ತೆ. ಕುಂಡದ ಮಣ್ಣಿಗೂ ಗ್ಲೌಸ್ ಇರಲಿ.

ಬೆಕ್ಕಿನ ಲಸಿಕೆ, ಜಂತುಹುಳದ ಔಷಧಿ ಹೆರಿಗೆಗೆ ಮೊದಲೇ ಮುಗಿಸಿ.

ಹೆರಿಗೆಗೆ ಮುಂಚೆ ತೊಟ್ಟಿಲು ಕಟ್ಟುವ ರೂಢಿ ನಮ್ಮಲ್ಲಿಲ್ಲ. ಆದರೆ ಬಾಣಂತಿ ಕೋಣೆಯ ಬಾಗಿಲು ಹಾಕುವುದನ್ನು ಏಳನೇ ತಿಂಗಳಲ್ಲೇ ಶುರು ಮಾಡಿ. ನಮ್ಮ ಬೆಕ್ಕು ಪುಟ್ಟಿ ಮೊದಮೊದಲು ಬಾಗಿಲು ಕೆರೆದಳು, ಆಮೇಲೆ ಹೊರಗಿನ ಚಾಪೆಯನ್ನೇ ತನ್ನದು ಮಾಡಿಕೊಂಡಳು. ಆಸ್ಪತ್ರೆಯಿಂದ ಮಗುವಿನ ಬಟ್ಟೆಯೊಂದನ್ನು ಮನೆಗೆ ಕಳಿಸಿ, ಮೂಸಿ ನೋಡಲಿ. ಎಷ್ಟೇ ಸಾಧುವಾಗಿದ್ದರೂ ಕೂಸಿನ ಜೊತೆ ಬೆಕ್ಕನ್ನೊಂದೇ ಬಿಡಬೇಡಿ: ಬೆಚ್ಚಗಿರುತ್ತೆಂದು ಮುಖದ ಪಕ್ಕವೇ ಮಲಗಿಬಿಡುತ್ತೆ.